ಹೈಟಿಯ ಕಾದಂಬರಿಗಳಲ್ಲಿ ಅಧ್ಯಕ್ಷರ ಅರಮನೆ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ಡುವಾಲಿಯೇ ಸರ್ವಾಧಿಕಾರದ ಬಗ್ಗೆ ಅಂತ ಹೈಟಿಯ ಪುಸ್ತಕಗಳನ್ನು ತೆಗೆದರೆ ಬರೀ ಅಪ್ಪ, ಅಮ್ಮ, ಮಗಳು. ರಾಜಕೀಯದ ಕಥೆಯನ್ನು ಮನೆಯೊಳಗೇ ಯಾಕೆ ಹೇಳ್ತಾರೆ?

ಉತ್ತರ: ಆ ಸರ್ಕಾರ ಹುಡುಕಿಕೊಂಡು ಬರುತ್ತಿದ್ದದ್ದೇ ಮನೆಗೆ.

ಫ್ರಾಂಸ್ವಾ ಡುವಾಲಿಯೇ 1957ರಲ್ಲಿ ಕೆರಿಬಿಯನ್ ದೇಶವಾದ ಹೈಟಿಯ ಅಧ್ಯಕ್ಷನಾದ. 1971ರಲ್ಲಿ ಅವನು ಸತ್ತ ಮೇಲೆ ಮಗ ಬಂದು 1986ರವರೆಗೆ ಆಳಿದ. ಒಬ್ಬನ ಮೇಲೆ ಅನುಮಾನ ಬಂದರೆ ಮನೆಮಂದಿಯೆಲ್ಲ ಸಿಕ್ಕಿಬೀಳುತ್ತಿದ್ದರು. 1963ರ ಏಪ್ರಿಲ್ 26ರಂದು ಡುವಾಲಿಯೇ ಮಕ್ಕಳ ಕಾವಲಿನವರ ಮೇಲೆ ಗುಂಡಿನ ದಾಳಿಯಾಯಿತು. ಗುರಿಯಿಟ್ಟು ಗುಂಡು ಹೊಡೆಯುವುದರಲ್ಲಿ ಹೆಸರಾಗಿದ್ದ ಸೇನಾಧಿಕಾರಿ ಫ್ರಾಂಸ್ವಾ ಬೆನ್ವಾ ಮೇಲೆ ಅನುಮಾನ ಬಿತ್ತು. ಅವರು ಆಗಲೇ ರಾಯಭಾರ ಕಚೇರಿಯೊಂದರಲ್ಲಿ ಆಶ್ರಯ ಪಡೆದಿದ್ದರು. ಮನೆಯಲ್ಲಿದ್ದ ತಂದೆತಾಯಿಯನ್ನು ಕೊಂದು, ಮನೆಗೆ ಬೆಂಕಿ ಹಚ್ಚಿದರು. ಬೆನ್ವಾ ಅವರ ಎಳೆಮಗು ಮತ್ತೆ ಸಿಗಲೇ ಇಲ್ಲ. ಮರುವರ್ಷ ಜೆರೆಮಿ ಊರಿನಲ್ಲಿ, ಬಂಡೆದ್ದ ಯುವಕರ ಬಂಧುಗಳನ್ನು ಮಕ್ಕಳು ಮುದುಕರೆನ್ನದೆ ಕೊಂದರು.

ಇಂಥ ಆಡಳಿತದ ಬಗ್ಗೆ ಬರೆಯುವವರು ಮನೆಬಾಗಿಲಿನಿಂದಲೇ ಶುರು ಮಾಡಬೇಕಲ್ವಾ? ಹೈಟಿಯ ಲೇಖಕಿ ಮರೀ ವಿಯು-ಶೋವೆ ಮಾಡಿದ್ದು ಅದನ್ನೇ. 1968ರಲ್ಲಿ ಬಂದ ಅವರ ‘ಅಮೂರ್, ಕೊಲೇರ್, ಫೋಲಿ’ಯಲ್ಲಿ ಮೂರು ಕಿರುಕಾದಂಬರಿಗಳಿವೆ. ಎರಡನೆಯದರಲ್ಲಿ ನೋರ್ಮಿಲ್ ಕುಟುಂಬ ಒಂದು ಬೆಳಗ್ಗೆ ಎದ್ದು ನೋಡಿದರೆ, ಕಪ್ಪು ಬಟ್ಟೆಯ ಪಡೆಯೊಂದರವರು ಅವರ ಜಮೀನಿನಲ್ಲಿ ಗೂಟ ಹೊಡೆಯುತ್ತಿದ್ದಾರೆ. ಅಲ್ಲಿಂದ ಮನೆ ಒಳಗೊಳಗೇ ಒಡೆಯುತ್ತದೆ. ಅಜ್ಜನಿಗೆ ಅಪ್ಪನ ಮೇಲೆ ಸಿಟ್ಟು. ಮಗನಿಗೆ ತನ್ನ ಮೇಲೇ ನಾಚಿಕೆ. ಜಮೀನು ಉಳಿಸಲು ಮಗಳು ರೋಜ಼್ ಆ ಪಡೆಯ ಯಜಮಾನನಿಗೆ ಒಂದು ತಿಂಗಳು ಮೈ ಒಪ್ಪಿಸುತ್ತಾಳೆ. ಮನೆಯವರಿಗೆ ಗೊತ್ತಾಗುತ್ತದೆ, ಆದರೂ ಯಾರೂ ಬಾಯಿಬಿಡುವುದಿಲ್ಲ. ನನ್ನನ್ನು ಜಾಸ್ತಿ ಕಲಕಿದ್ದು ಈ ಮೌನ. ಗೂಟ ಹೊಡೆದವರನ್ನು ದ್ವೇಷಿಸುವುದು ಸುಲಭ. ಊಟಕ್ಕೆ ಎದುರು ಕೂತವರ ಮುಖ ನೋಡುವುದು ಕಷ್ಟ.

ಲೇಖಕಿಯ ಬದುಕೂ ಹಾಗೇ ಆಯಿತು. ತಮ್ಮವರಿಗೆ ಅಪಾಯವೆಂಬ ಭಯದಿಂದ ಪುಸ್ತಕದ ಪ್ರಸಾರ ನಿಂತಿತು. ಅವರು ನ್ಯೂಯಾರ್ಕಿಗೆ ಹೋಗಿ, 1973ರಲ್ಲಿ ಅಲ್ಲೇ ತೀರಿಕೊಂಡರು. ಇಂಗ್ಲಿಷ್ ಅನುವಾದ ಬಂದದ್ದು 2009ರಲ್ಲಿ.

ಆದರೆ ಹಿಂಸಿಸಿದವನೇ ಮನೆಯವನಾದರೆ? ಹೈಟಿ ಮೂಲದ ಲೇಖಕಿ ಎಡ್ವಿಜ್ ಡಾಂಟಿಕಾ ಅವರ ‘ದಿ ಡ್ಯೂ ಬ್ರೇಕರ್’ (2004) ಇದನ್ನು ಕೇಳುತ್ತದೆ. ಒಂದಕ್ಕೊಂದು ಹೆಣೆದುಕೊಂಡ ಒಂಬತ್ತು ಕಥೆಗಳು. ನ್ಯೂಯಾರ್ಕಿನಲ್ಲಿ ಬೆಳೆದ ಕಾ ಎಂಬ ಹುಡುಗಿ, ಅಪ್ಪನನ್ನು ಜೈಲಿನ ಕೈದಿಯಾಗಿ ಕಲ್ಪಿಸಿ ಮರದಲ್ಲಿ ಕೆತ್ತಿದ್ದಾಳೆ. ಅದನ್ನು ಕೊಂಡವರಿಗೆ ತಲುಪಿಸಲು ಇಬ್ಬರೂ ಫ್ಲೋರಿಡಾಕ್ಕೆ ಬಂದಿದ್ದಾರೆ. ಅಪ್ಪ ಅದನ್ನು ಒಯ್ದು ಕೆರೆಗೆ ಹಾಕುತ್ತಾನೆ. ಆಮೇಲೆ ಹೇಳುತ್ತಾನೆ: ತಾನು ಕೈದಿಯಲ್ಲ, ಕೈದಿಗಳನ್ನು ಹಿಂಸಿಸಿ ಕೊಂದವನು. ಅವನ ಮುಖದ ಗಾಯದ ಗುರುತೂ ಒಬ್ಬ ಕೈದಿಯಿಂದ ಬಂದದ್ದು. ಮಗಳು ಅಮ್ಮನಿಗೆ ಫೋನ್ ಮಾಡಿ, ಇವರನ್ನು ಹೇಗೆ ಪ್ರೀತಿಸ್ತೀಯ ಅಂತ ಕೇಳುತ್ತಾಳೆ. ಅಮ್ಮನಿಗೆ ಎಲ್ಲ ಮೊದಲೇ ಗೊತ್ತು.

ಅರಮನೆಯನ್ನು ವರ್ಣಿಸುವ ಕಾದಂಬರಿಗೆ ಈ ಫೋನ್ ಕರೆ ಎಟುಕುವುದಿಲ್ಲ. ಸರ್ವಾಧಿಕಾರಿ 1986ರಲ್ಲಿ ವಿಮಾನ ಹತ್ತಿ ಓಡಿದ. ಆ ಅಪ್ಪ ಮಾತ್ರ ಮಗಳ ಬದುಕಿನಲ್ಲೇ ಉಳಿದ.

ಯಾವುದನ್ನು ಮೊದಲು ಓದಬೇಕು ಅಂದರೆ, ಡಾಂಟಿಕಾ. ಆದರೆ ಕೊನೆಯ ಕಥೆಯವರೆಗೂ ಓದಿ. ಅಮ್ಮನ ಕಡೆಯ ಲೆಕ್ಕ ತೆರೆದುಕೊಳ್ಳುವುದು ಅಲ್ಲೇ.