ಮಾಂಗಲ್ಯದ ಮೇಲಿನ ಶಿಲುಬೆ: ಯಾರ ನಿಯಮ, ಯಾರ ನಂಬಿಕೆ?

ಹಾಸನದ ಕಥೋಲಿಕ ಮನೆಯ ಮದುವೆಯಲ್ಲಿ ಗುರುಗಳು ಮಂತ್ರಿಸಿಕೊಟ್ಟ ತಾಳಿಯನ್ನು ವರನು ವಧುವಿನ ಕೊರಳಿಗೆ ಕಟ್ಟುತ್ತಾನೆ. ಅದರ ಮೇಲೊಂದು ಪುಟ್ಟ ಶಿಲುಬೆಯಿರುತ್ತದೆ. ಅದೇ ಬೀದಿಯಿಂದ ಪೆಂತೆಕೋಸ್ತ್ ಸಭೆಗೆ (ಪವಿತ್ರಾತ್ಮನ ಅನುಭವಕ್ಕೆ ಒತ್ತು ಕೊಡುವ ಪ್ರಾಟೆಸ್ಟೆಂಟ್ ಪಂಗಡ) ಹೋಗುವ ಹೆಣ್ಣುಮಗಳು ದೀಕ್ಷಾಸ್ನಾನಕ್ಕೆ ಮುನ್ನ ಓಲೆ, ಬಳೆ, ಕೆಲವೊಮ್ಮೆ ತಾಳಿಯನ್ನೂ ತೆಗೆದಿಡುತ್ತಾಳೆ. ಮೊದಲನೆಯದು ಚರ್ಚಿನ ಕಟ್ಟಳೆ, ಎರಡನೆಯದು ಸ್ವಂತ ವಿಶ್ವಾಸ ಎಂದು ಹೇಳುವುದು ರೂಢಿ. ಹಿಂದಿನದನ್ನು ಕೆದಕಿದರೆ ಈ ವಿಂಗಡಣೆ ನಿಲ್ಲುವುದಿಲ್ಲ.

ಜೆಸ್ವಿತ್ ಎಂಬ ಕಥೋಲಿಕ ಸಂಘದ ಗುರುಗಳು 17ನೇ ಶತಮಾನದ ನಡುವಿನಲ್ಲಿ ಮೈಸೂರು ಸೀಮೆಗೆ ಬಂದಾಗ, ಸ್ಥಳೀಯ ಆಚಾರಗಳಲ್ಲಿ ಯಾವುದು ಧರ್ಮ, ಯಾವುದು ಬರಿಯ ನಡವಳಿಕೆ ಎಂಬ ಪ್ರಶ್ನೆಗೆ ತಮ್ಮ ವಿವೇಚನೆಯಿಂದಲೇ ಉತ್ತರ ಕಂಡುಕೊಂಡಿದ್ದರು. ಅದನ್ನು ಒಪ್ಪದವರ ದೂರು ರೋಮಿನವರೆಗೆ ಹೋಯಿತು. ಪೋಪರ ಪ್ರತಿನಿಧಿಯಾಗಿ ಬಂದ ಟೂರ್ನೋನ್ 1704ರಲ್ಲಿ ಪುದುಚೇರಿಯಿಂದ ಹೊರಡಿಸಿದ ಆದೇಶವು ಪಿಳ್ಳೆಯಾರ್ (ಗಣಪತಿ) ಚಿತ್ರವಿದ್ದ ತಾಳಿಯನ್ನೂ ಹಣೆಯ ವಿಭೂತಿಯನ್ನೂ ನಿಷೇಧಿಸಿತು. ಮುಟ್ಟಾದ ಹೆಂಗಸರನ್ನು ಚರ್ಚಿನಿಂದ ದೂರವಿಡಬಾರದೆಂದೂ ವಿಧಿಸಿತು. (ಮೇಲಿನಿಂದ ಬಂದ ಆಜ್ಞೆಯೆಲ್ಲವೂ ಕಟ್ಟಿಹಾಕುವಂಥದ್ದೇ ಆಗಿರಲಿಲ್ಲ ಎಂಬುದಕ್ಕೆ ಈ ಕೊನೆಯ ಮಾತೇ ಸಾಕ್ಷಿ.) 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟರು ಈ ಆದೇಶವನ್ನು ಖಾಯಂಗೊಳಿಸಿ, ಇಲ್ಲಿ ದುಡಿಯುವ ಮಿಷನರಿಗಳು ಅದನ್ನು ಪಾಲಿಸುವ ಪ್ರತಿಜ್ಞೆ ಸ್ವೀಕರಿಸಬೇಕೆಂದರು. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಎದ್ದು ನಿಲ್ಲುವ ಶೆಟ್ಟಿಹಳ್ಳಿಯ ಚರ್ಚನ್ನು ಫ್ರೆಂಚ್ ಗುರುಗಳು ಕಟ್ಟಿದ್ದು ಆ ಪ್ರತಿಜ್ಞೆ ಜಾರಿಯಲ್ಲಿದ್ದ ಕಾಲದಲ್ಲಿಯೇ. ಪ್ರತಿಜ್ಞೆ ರದ್ದಾದದ್ದು 1940ರಲ್ಲಿ.

ಹೀಗಾಗಿ ಇಂದು ನಮಗೆ ಅಜ್ಜಿಯ ಕಾಲದ ಸಂಪ್ರದಾಯದಂತೆ ಕಾಣುವ ಶಿಲುಬೆಯ ತಾಳಿಯು ಒಂದು ರಾಜಿಯ ಫಲ: ಚಿತ್ರ ಹೋಯಿತು, ದಾರ ಉಳಿಯಿತು.

ಪ್ರಾಟೆಸ್ಟೆಂಟರ ಕಥೆ ಬೇರೆ ದಿಕ್ಕಿನಿಂದ ಆರಂಭವಾಗುತ್ತದೆ. ಹಾಸನದಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನ ಮೂಲಪುರುಷ ಜಾನ್ ವೆಸ್ಲಿ, ಹೃದಯದ ಅನುಭವವಿಲ್ಲದ ಬರಿಯ ಆಚರಣೆಯನ್ನು ಸಾಲದೆಂದವರು. ಅವರೇ 1743ರಲ್ಲಿ ಪ್ರಕಟಿಸಿದ ನಿಯಮಾವಳಿಯಲ್ಲಿ ಮದ್ಯ, ಚಿನ್ನ, ಬೆಲೆಬಾಳುವ ಉಡುಪು ಇವೆಲ್ಲವೂ ನಿಷಿದ್ಧಗಳ ಸಾಲಿನಲ್ಲಿವೆ. ಸದಸ್ಯರಿಗೆ ಮೂರು ತಿಂಗಳಿಗೊಮ್ಮೆ ಕೊಡುತ್ತಿದ್ದ ಚೀಟಿಯು ನಡತೆ ನೆಟ್ಟಗಿದ್ದವರಿಗೆ ಮಾತ್ರ ಸಿಗುತ್ತಿತ್ತು. ಆ ಪರಂಪರೆಯ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್‌ಐ) ವಿಲೀನವಾದವು. ಒಡವೆಯ ಮೇಲಿನ ಬಿಗಿ ಇಂದು ಹೆಚ್ಚಾಗಿ ಕಾಣುವುದು ಆ ಸಭೆಯಲ್ಲಿ ಅಲ್ಲ, ಪೆಂತೆಕೋಸ್ತ್ ಸಭೆಗಳಲ್ಲಿ.

ಹಾಸನ ಜಿಲ್ಲೆಯನ್ನೂ ಒಳಗೊಂಡ ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1963ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆಯು ವಿವಾಹ ವಿಧಿಯನ್ನು ಆಯಾ ನಾಡಿನ ಪದ್ಧತಿಗೆ ಹೊಂದಿಸಿಕೊಳ್ಳಲು ಅವಕಾಶವಿತ್ತಿತು. 1966ರಲ್ಲಿ ಪೋಪ್ ಆರನೇ ಪೌಲರು ಶುಕ್ರವಾರದ ಮಾಂಸವರ್ಜನೆಯ ನಿಯಮವನ್ನೂ ಸಡಿಲಿಸಿದರು. ನಿಯಮಕ್ಕೆ ಹೆಸರಾದ ಧರ್ಮಸಭೆ ಹೀಗೆ ಹಲವನ್ನು ಭಕ್ತರ ಅಂತಃಸಾಕ್ಷಿಗೆ ಬಿಟ್ಟಿತು. ಸ್ವಂತ ನಂಬಿಕೆಯಿಂದಲೇ ಹುಟ್ಟಿದ ಸಭೆಗಳಲ್ಲಾದರೋ ಎಲ್ಲಿಯೂ ಬರೆಯದ ಕಟ್ಟಳೆ ಬಿಗಿಯಾಯಿತು. ನನಗೆ ಎರಡನೆಯದೇ ಹೆಚ್ಚು ಕಠಿಣವೆನಿಸುತ್ತದೆ, ಏಕೆಂದರೆ ಮತ್ತೆ ಓಲೆ ಹಾಕಿಕೊಂಡವಳು ನಿಯಮ ಮುರಿದವಳಷ್ಟೇ ಆಗುವುದಿಲ್ಲ, ಅವಳ ವಿಶ್ವಾಸವೇ ಸಂದೇಹಕ್ಕೆ ಗುರಿಯಾಗುತ್ತದೆ.

ಈ ವಾದದಲ್ಲಿ ಎರಡೂ ಕಡೆಯವರು ತೆರೆಯುವುದು ರೋಮಾಪುರದವರಿಗೆ ಅಪೊಸ್ತಲ ಪೌಲನು ಬರೆದ ಪತ್ರದ 14ನೇ ಅಧ್ಯಾಯವನ್ನೇ. ಒಡವೆ ಹಾಕಿಕೊಂಡವರು ತೀರ್ಪು ಮಾಡಬೇಡಿರೆಂಬ ವಚನವನ್ನು ಓದುತ್ತಾರೆ, ತೆಗೆದಿಟ್ಟವರು ಸಹೋದರನಿಗೆ ಎಡವುಗಲ್ಲಾಗಬೇಡಿರೆಂಬುದನ್ನು. ಎರಡೂ ಇರುವುದು 13ನೇ ವಚನವೊಂದರಲ್ಲಿಯೇ.