ಇಂಗ್ಲಿಷ್ ಬಲದಿಂದ ಪೋರ್ಚುಗೀಸ್ ಪದ ಕಲಿಯುವುದು: ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು

ಲಿಸ್ಬನ್ನಿನಲ್ಲಾಗಲಿ ಸಾವೊ ಪೌಲೊದಲ್ಲಾಗಲಿ ಅಂಗಡಿಯ ಬಾಗಿಲ ಮೇಲೆ ‘ಪುಶೆ’ ಎಂಬ ಫಲಕ ಕಂಡರೆ ತಳ್ಳಬೇಡಿ. ಅದರ ಅರ್ಥ ‘ಎಳೆಯಿರಿ’. ತಳ್ಳುವ ಬಾಗಿಲಿಗೆ ‘ಎಂಪುರ್ರೆ’ ಎಂದು ಬರೆದಿರುತ್ತಾರೆ. ಇಂಗ್ಲಿಷ್ ನಮಗೆ ಪೋರ್ಚುಗೀಸಿನ ಸಾವಿರಾರು ಪದಗಳನ್ನು ಪುಕ್ಕಟೆ ಕೊಡುತ್ತದೆ, ಜೊತೆಗೆ ಇಂಥ ಕೆಲವು ಬಲೆಗಳನ್ನೂ ಹಾಸಿಡುತ್ತದೆ.

ಪೋರ್ಚುಗೀಸ್ ಲ್ಯಾಟಿನ್ನಿನ ನೇರ ಸಂತಾನ. ಇಂಗ್ಲಿಷ್‌ನ ಮೂಲ ಜರ್ಮನಿಕ್. ಲ್ಯಾಟಿನ್ ಪದಗಳು ಅದಕ್ಕೆ ಹೆಚ್ಚಾಗಿ 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಫ್ರೆಂಚ್ ಮೂಲಕವೂ ಪಂಡಿತರ ಬರವಣಿಗೆಯ ಮೂಲಕವೂ ಬಂದವು. ಹಾಗಾಗಿ ಆಡಳಿತ, ವಿಜ್ಞಾನ, ಶಿಕ್ಷಣದ ಪದಗಳು ಎರಡರಲ್ಲೂ ಹೊಂದುತ್ತವೆ. ಅಡುಗೆಮನೆಯ ಪದಗಳು ಹೊಂದುವುದಿಲ್ಲ. ಬ್ರೆಡ್ ‘ಪಾಂವ್’, ವಾಟರ್ ‘ಆಗ್ವಾ’, ಹೌಸ್ ‘ಕಾಜ’. ಇವನ್ನು ಬಾಯಿಪಾಠ ಮಾಡಲೇಬೇಕು.

ಪುಕ್ಕಟೆ ಸಿಗುವವು ಪದಾಂತ್ಯದಿಂದ ಗೊತ್ತಾಗುತ್ತವೆ. ಇಂಗ್ಲಿಷ್‌ನಲ್ಲಿ ‘ಷನ್’ ಎಂದು ಮುಗಿಯುವ ನಾಮಪದ ಪೋರ್ಚುಗೀಸಿನಲ್ಲಿ ಸಾಮಾನ್ಯವಾಗಿ ‘ಸಾಂವ್’ ಆಗುತ್ತದೆ: ನೇಷನ್ ‘ನಸಾಂವ್’, ಸ್ಟೇಷನ್ ‘ಎಸ್ತಸಾಂವ್’. (ಎಸ್ತಸಾಂವ್ ಎಂದರೆ ಋತು ಎಂದೂ ಅರ್ಥವಿದೆ.) ಈ ‘ಆಂವ್’ ಮೂಗಿನಿಂದ ಬರಬೇಕು, ಕೊಂಕಣಿ ಬಲ್ಲವರಿಗೆ ಇದು ಸಲೀಸು. ‘ಟಿ’ ಅಂತ್ಯ ‘ದಾದೆ’ ಆಗುತ್ತದೆ: ಸಿಟಿ ‘ಸಿದಾದೆ’, ಕ್ವಾಲಿಟಿ ‘ಕ್ವಲಿದಾದೆ’. ಇಲ್ಲಿ ಪದಗಳನ್ನು ಬರವಣಿಗೆಗೆ ಹತ್ತಿರವಾಗಿ ಕೊಟ್ಟಿದೆ. ಬಾಯಲ್ಲಿ ಬ್ರೆಜಿಲಿನ ಹೆಚ್ಚಿನವರು ‘ಸಿದಾಜಿ’ ಎನ್ನುತ್ತಾರೆ, ಪೋರ್ಚುಗಲ್ಲಿನವರು ಕೊನೆಯ ಸ್ವರ ನುಂಗಿ ‘ಸಿದಾದ್’ ಎನ್ನುತ್ತಾರೆ. ಈ ಎರಡೂ ಗುಂಪಿನ ಪದಗಳು ಸ್ತ್ರೀಲಿಂಗ, ಆದ್ದರಿಂದ ಮುಂದೆ ‘ಅ’ ಎಂಬ ಉಪಪದ (ಇಂಗ್ಲಿಷ್‌ನ ‘ದಿ’ ಇದ್ದಂತೆ, ಪುಲ್ಲಿಂಗಕ್ಕೆ ‘ಉ’): ‘ಅ ಸಿದಾದೆ’.

ಸೂತ್ರ ತಪ್ಪುವ ಕಡೆಗಳೂ ಇವೆ. ಬ್ಯೂಟಿ ‘ಬೆಲೇಜ’, ಸೆಕ್ಯೂರಿಟಿ ‘ಸೆಗುರಾನ್ಸ’, ರಿಸರ್ವೇಷನ್ ‘ರೆಜೆರ್ವ’. ಲಿಂಗದಲ್ಲಿ ಹೆಚ್ಚಿನವರು ಎಡವುವುದು ‘ಪ್ರೊಬ್ಲೇಮ’ದಲ್ಲಿ. ‘ಅ’ಕಾರಾಂತ ಪದ ಸ್ತ್ರೀಲಿಂಗ ಎಂದು ಮೊದಲ ವಾರವೇ ಕಲಿಸುತ್ತಾರೆ, ಆದರೆ ಗ್ರೀಕ್ ಮೂಲದ ‘ಪ್ರೊಬ್ಲೇಮ’, ‘ಸಿಸ್ತೇಮ’ ಪುಲ್ಲಿಂಗ. ಆದ್ದರಿಂದ ಪುಸ್ತಕದಲ್ಲಿ ಪದವನ್ನೊಂದೇ ಬರೆಯಬೇಡಿ, ಉಪಪದ ಸೇರಿಸಿ ಬರೆಯಿರಿ: ‘ಉ ಪ್ರೊಬ್ಲೇಮ’, ‘ಅ ಮೇಜ’.

ಅಂತ್ಯ ನೋಡಿ ಗುರುತಿಸಿದ ನಾಮಪದಗಳನ್ನು ಬಹುಮಟ್ಟಿಗೆ ನಂಬಬಹುದು. ಕ್ರಿಯಾಪದ, ಕ್ರಿಯಾವಿಶೇಷಣಗಳನ್ನು ಹಾಗೆ ನಂಬಲಾಗದು. ‘ಅತ್ವಾಲ್ಮೆಂತೆ’ ಎಂದರೆ ‘ಆ್ಯಕ್ಚುಯಲಿ’ ಅಲ್ಲ, ‘ಈಗ, ಸದ್ಯಕ್ಕೆ’. ‘ವಾಸ್ತವವಾಗಿ’ ಎನ್ನಲು ‘ನ ವೆರ್ದಾದೆ’ ಬೇಕು. ‘ಎವೆಂತ್ವಾಲ್ಮೆಂತೆ’ ಎಂದರೆ ‘ಕೊನೆಗೆ’ ಅಲ್ಲ, ‘ಒಂದುವೇಳೆ’. ಪತ್ರದಲ್ಲಿ ‘ಕೊನೆಗೆ ಹಣ ಕಟ್ಟುತ್ತೇನೆ’ ಎನ್ನಲು ಹೋಗಿ ‘ಕಟ್ಟಿದರೂ ಕಟ್ಟಬಹುದು’ ಎಂದಾಗುತ್ತದೆ. ‘ಪ್ರೆತೆಂದೆರ್’ ಎಂದರೆ ಉದ್ದೇಶ ಇಟ್ಟುಕೊಳ್ಳುವುದು, ನಟಿಸುವುದು ‘ಫಿಂಜಿರ್’. ‘ಅಸಿಸ್ತಿರ್’ ಸಾಮಾನ್ಯವಾಗಿ ಸಿನಿಮಾ, ಪಂದ್ಯ ನೋಡುವುದಕ್ಕೆ. ಸಹಾಯ ಮಾಡುವುದಕ್ಕೆ ‘ಅಜುದಾರ್’.

ಮನೆ ಮತ್ತು ಮೈಯ ಮಾತಿನಲ್ಲಿ ನಾಮಪದವೂ ಮೋಸಮಾಡುತ್ತದೆ. ‘ಪರೆಂತೆಸ್’ ಎಂದರೆ ನೆಂಟರು, ತಂದೆತಾಯಿ ‘ಪಾಯ್ಸ್’. ಅದನ್ನೇ ಒಡೆದು ‘ಪ-ಈಸ್’ ಎಂದರೆ ದೇಶ. ‘ಲಿವ್ರರಿಯ’ ಪುಸ್ತಕದಂಗಡಿ, ಗ್ರಂಥಾಲಯ ‘ಬಿಬ್ಲಿಯೊತೇಕ’. ಪೋರ್ಚುಗಲ್ಲಿನಲ್ಲಿ ಯಾರಾದರೂ ‘ಎಸ್ತೊ ಕೊನ್ಸ್ತಿಪಾದು’ ಎಂದರೆ ಅವರಿಗೆ ನೆಗಡಿಯಾಗಿದೆ ಎಂದರ್ಥ. ಮಲಬದ್ಧತೆಗೆ ಬೇರೆಯೇ ಮಾತು, ‘ಪ್ರಿಜಾಂವ್ ದೆ ವೆಂತ್ರೆ’. ಔಷಧದಂಗಡಿಗೆ ಹೋಗುವ ಮೊದಲು ಈ ಜೋಡಿಯನ್ನು ಕಲಿತಿರಬೇಕು.

ಕನ್ನಡದ ಬಲವೂ ನಮಗಿದೆ. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾಗಿ 1961ರವರೆಗೂ ಅವರ ಕೈಯಲ್ಲಿತ್ತು, ಪಕ್ಕದ ಭಾಷೆಗಳಿಗೆಲ್ಲ ಪದಗಳು ಹರಿದವು. ಟೇಬಲ್ ‘ಮೇಜ’, ನಮ್ಮ ಮೇಜು. ಕೀ ‘ಶಾವೆ’, ನಮ್ಮ ಚಾವಿ. ಅವರು ‘ಶ’ ಎನ್ನುವಲ್ಲಿ ನಾವು ‘ಚ’ ಎನ್ನುವುದು ನಮ್ಮ ತಪ್ಪಲ್ಲ: ಹದಿನಾರನೆಯ ಶತಮಾನದಲ್ಲಿ ಅವರೂ ‘ಚ’ ಎಂದೇ ಉಚ್ಚರಿಸುತ್ತಿದ್ದರು, ನಾವು ಉಳಿಸಿಕೊಂಡೆವು, ಅವರು ಬದಲಾದರು. ‘ಅರ್ಮಾರಿಯು’ ನಮ್ಮ ಅಲಮಾರು, ‘ಇಗ್ರೇಜ’ ಮಂಗಳೂರಿನ ಇಗರ್ಜಿ (ಚರ್ಚು), ‘ಪಾಂವ್’ ಪಾವ್‌ಭಾಜಿಯ ಪಾವ್. ‘ಪಗಾರ್’ ಮಾತ್ರ ಅಲ್ಲಿ ನಾಮಪದವಲ್ಲ, ‘ಹಣ ಕೊಡು’ ಎಂಬ ಕ್ರಿಯಾಪದ, ಸಂಬಳ ‘ಸಲಾರಿಯು’. ಅನಾನಸ್ ಪೋರ್ಚುಗಲ್ಲಿನಲ್ಲಿ ನಡೆಯುತ್ತದೆ, ಬ್ರೆಜಿಲಿನ ಸಂತೆಯಲ್ಲಿ ‘ಅಬಕಶಿ’ ಎಂದು ಕೇಳಬೇಕು.

ಇನ್ನೊಂದು ಲಾಭ ಅರ್ಥದ ಕಡೆಯದು. ತಿಳಿದಿರುವುದಕ್ಕೆ ಇಂಗ್ಲಿಷ್‌ನಲ್ಲಿ ‘ನೋ’ (know) ಒಂದೇ ಪದ. ಪೋರ್ಚುಗೀಸಿನಲ್ಲಿ ವಿಷಯ ಗೊತ್ತಿರುವುದು ‘ಸಬೆರ್’, ವ್ಯಕ್ತಿಯ ಅಥವಾ ಊರಿನ ಪರಿಚಯವಿರುವುದು ‘ಕೊನ್ಯೆಸೆರ್’. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ‘ಗೊತ್ತು’, ‘ಪರಿಚಯ’ ಎಂದು ಕನ್ನಡದಲ್ಲೇ ಅರ್ಥ ಬರೆದುಕೊಂಡರೆ ಒಂದೇ ದಿನದಲ್ಲಿ ಹಿಡಿತಕ್ಕೆ ಬರುತ್ತದೆ.

ವಾರದ ದಿನಗಳಿಗೆ ಇಂಗ್ಲಿಷ್ ಸಹಾಯ ಮಾಡದು. ಭಾನುವಾರ ‘ದೊಮಿಂಗು’, ಶನಿವಾರ ‘ಸಾಬದು’. ನಡುವಿನ ಐದು ದಿನಗಳಿಗೆ ಬರೀ ಎಣಿಕೆ. ಎಣಿಕೆ ಭಾನುವಾರದಿಂದ ಶುರುವಾಗುವುದರಿಂದ ಸೋಮವಾರ ‘ಸೆಗುಂದ’, ಅಂದರೆ ಎರಡನೆಯದು. ಶುಕ್ರವಾರ ‘ಸೆಸ್ತ’, ಆರನೆಯದು. ‘ಸೆಗುಂದ’ವನ್ನು ಮಂಗಳವಾರ ಎಂದುಕೊಂಡರೆ ಭೇಟಿ ತಪ್ಪಿಹೋಗುತ್ತದೆ.

ನಿಮ್ಮ ಪದಪಟ್ಟಿಯಲ್ಲಿ ಬ್ರೆಜಿಲಿಗೊಂದು, ಪೋರ್ಚುಗಲ್ಲಿಗೊಂದು ಕಾಲಂ ಬಿಡಿ. ರೈಲು ಬ್ರೆಜಿಲಿನಲ್ಲಿ ‘ತ್ರೆಂ’, ಪೋರ್ಚುಗಲ್ಲಿನಲ್ಲಿ ‘ಕೊಂಬೊಯು’. ಬಸ್ಸು ‘ಓನಿಬುಸ್’ ಮತ್ತು ‘ಔತೊಕಾರ್ರು’. ಮೊಬೈಲು ‘ಸೆಲುಲಾರ್’ ಮತ್ತು ‘ತೆಲೆಮೋವೆಲ್’. ‘ಫಾತು’ ಎಂದರೆ ಬ್ರೆಜಿಲಿನಲ್ಲಿ ಸಂಗತಿ, ಪೋರ್ಚುಗಲ್ಲಿನಲ್ಲಿ ತೊಡುವ ಸೂಟು. ಅಲ್ಲಿ ಸಂಗತಿಗೆ ‘ಫಾಕ್ತು’. ಪೋರ್ಚುಗಲ್ಲಿನಲ್ಲಿ ಹುಡುಗಿಗೆ ಸಹಜವಾಗಿ ಹೇಳುವ ‘ರಪರೀಗ’ ಬ್ರೆಜಿಲಿನ ಹಲವೆಡೆ ಬೈಗುಳ. ಅಲ್ಲಿ ‘ಮೋಸ’ ಅಥವಾ ‘ಮೆನೀನ’ ಎನ್ನಬೇಕು.