ಟಚ್‌ಸ್ಕ್ರೀನ್ ಪತ್ತೆಯಾಗಿದೆ ಎಂದರೆ ಗಾಜು ಸರಿಯಿದೆ ಎಂದಲ್ಲ

ತಪಾಸಣೆ ಸಾಫ್ಟ್‌ವೇರ್ ‘ಟಚ್‌ಸ್ಕ್ರೀನ್ ಪತ್ತೆಯಾಗಿದೆ’ ಎಂದಾಗ ಅದು ಗಾಜನ್ನು ನೋಡಿರುವುದಿಲ್ಲ. ಗಾಜಿಗೆ ಜೋಡಿಸಿದ ಕಂಟ್ರೋಲರ್ ಚಿಪ್ ಕರೆಗೆ ಓಗೊಟ್ಟಿದೆ, ಅಷ್ಟೆ. ರಿಪೇರಿಯಲ್ಲಿ ಆಗುವ ಹೆಚ್ಚಿನ ಗೊಂದಲಕ್ಕೆ ಈ ವ್ಯತ್ಯಾಸ ಮರೆಯುವುದೇ ಕಾರಣ.

ಯುಎಸ್‌ಬಿ ಸ್ಕ್ರೀನ್‌ನಲ್ಲಿ ಕೇಬಲ್ ಹಾಕಿದ ಕೂಡಲೇ ಚಿಪ್ ತನ್ನ 1.5 ಕಿಲೋ ಓಮ್ ರೆಸಿಸ್ಟರ್‌ನಿಂದ ಒಂದು ಡೇಟಾ ತಂತಿಯ ವೋಲ್ಟೇಜ್ ಏರಿಸುತ್ತದೆ. ಏನೋ ಬಂದಿದೆ ಎಂದು ಕಂಪ್ಯೂಟರ್‌ಗೆ ತಿಳಿಯುವುದು ಹೀಗೆ. ಬಳಿಕ ಅದು 18 ಬೈಟ್‌ಗಳ ಡಿವೈಸ್ ಡಿಸ್ಕ್ರಿಪ್ಟರ್, ಅಂದರೆ ಸಾಧನದ ಪರಿಚಯ ಚೀಟಿ ಓದುತ್ತದೆ. ತಯಾರಕರ ಸಂಖ್ಯೆ, ಮಾದರಿ ಸಂಖ್ಯೆ ಅದರಲ್ಲೇ ಇರುತ್ತವೆ. ಇವೆರಡನ್ನೇ ಪಟ್ಟಿಯಲ್ಲಿ ಹುಡುಕಿ ತೀರ್ಪು ಕೊಡುವ ಸಾಫ್ಟ್‌ವೇರ್ ಹೊಸ ಮಾದರಿ ಬಂದರೆ ಎಡವುತ್ತದೆ. ಸಾಧನ ಯಾವ ಬಗೆಯ ಮಾಹಿತಿ ಕಳಿಸುತ್ತದೆ ಎಂದು ಹೇಳುವ ರಿಪೋರ್ಟ್ ಡಿಸ್ಕ್ರಿಪ್ಟರ್ ಓದುವುದೇ ಸರಿಯಾದ ದಾರಿ. ಅದರ ಡಿಜಿಟೈಸರ್ (ಸ್ಪರ್ಶ, ಪೆನ್ ಸಾಧನಗಳ) ವಿಭಾಗದಲ್ಲಿ 04 ಎಂದಿದ್ದರೆ ಟಚ್‌ಸ್ಕ್ರೀನ್, 05 ಎಂದಿದ್ದರೆ ಟಚ್‌ಪ್ಯಾಡ್. ಕಂಟ್ರೋಲರ್ ಮೌಸ್ ಮೋಡ್‌ನಲ್ಲಿದ್ದರೆ ತನ್ನನ್ನು ಮೌಸ್ ಎಂದೇ ಹೇಳಿಕೊಳ್ಳುತ್ತದೆ. ಆಗ ಬೆರಳಿಟ್ಟಲ್ಲಿ ಕರ್ಸರ್ ಓಡುತ್ತಿದ್ದರೂ ಸಾಫ್ಟ್‌ವೇರ್ ‘ಟಚ್‌ಸ್ಕ್ರೀನ್ ಇಲ್ಲ’ ಎನ್ನುತ್ತದೆ.

ಏನೂ ಪತ್ತೆಯಾಗದಿದ್ದರೆ ಮೊದಲು ಕೇಬಲ್ ನೋಡಿ. ಎಚ್‌ಡಿಎಂಐ ಚಿತ್ರ, ಧ್ವನಿ ಒಯ್ಯುತ್ತದೆ, ಸ್ಪರ್ಶವನ್ನಲ್ಲ. ಸ್ಪರ್ಶಕ್ಕೆ ಬೇರೆ ಯುಎಸ್‌ಬಿ ಕೇಬಲ್ ಬೇಕು. ವಿಂಡೋಸ್‌ನಲ್ಲಿ ಕೋಡ್ 43 (ಸಾಧನ ತೊಂದರೆ ಹೇಳಿದ್ದರಿಂದ ನಿಲ್ಲಿಸಲಾಗಿದೆ ಎಂಬ ಸೂಚನೆ) ಬಂದರೆ ಹಬ್ ತೆಗೆದು ನೇರ ಪೋರ್ಟ್‌ಗೆ ಹಾಕಿ.

ಟ್ಯಾಬ್ಲೆಟ್, ಲ್ಯಾಪ್‌ಟಾಪ್‌ಗಳ ಐ2ಸಿ (ಚಿಪ್‌ಗಳ ನಡುವಿನ ಎರಡು ತಂತಿಯ ಸಂಪರ್ಕ) ಸ್ಕ್ರೀನ್‌ಗಳ ಲೆಕ್ಕವೇ ಬೇರೆ. ಅಲ್ಲಿ ಚಿಪ್ ತಾನಾಗಿ ‘ಬಂದೆ’ ಎನ್ನುವುದಿಲ್ಲ. ಯಾವ ವಿಳಾಸದಲ್ಲಿ ಹುಡುಕಬೇಕೆಂದು ಫರ್ಮ್‌ವೇರ್ ಹೇಳಬೇಕು. ಗೂಡಿಕ್ಸ್ ಕಂಪನಿಯ ಕೆಲವು ಟಚ್ ಚಿಪ್‌ಗಳಿಗೆ ಎರಡು ವಿಳಾಸಗಳಿವೆ. ರಿಸೆಟ್ ಬಿಡುವ ಹೊತ್ತಿಗೆ ಇಂಟರಪ್ಟ್ ಪಿನ್‌ನ (ಸ್ಪರ್ಶವಾಯಿತೆಂದು ಸುಳಿವು ಕೊಡುವ ಪಿನ್) ವೋಲ್ಟೇಜ್ ಮೇಲಿದೆಯೋ ಕೆಳಗಿದೆಯೋ ಎಂಬುದರ ಮೇಲೆ ಚಿಪ್ ಒಂದನ್ನು ಆರಿಸಿಕೊಳ್ಳುತ್ತದೆ. ಆ ಕ್ರಮ ತಪ್ಪಿದರೆ ಚೆನ್ನಾಗಿರುವ ಚಿಪ್ಪೂ ಸತ್ತಂತೆ ಕಾಣುತ್ತದೆ. ಬದಲಿಸುವ ಮುನ್ನ ಇನ್ನೊಂದು ವಿಳಾಸವನ್ನೂ ದಯವಿಟ್ಟು ಪರೀಕ್ಷಿಸಿ. ಅದೇ ಇಂಟರಪ್ಟ್ ತಂತಿ ತುಂಡಾಗಿದ್ದರೆ ಚಿಪ್‌ನ ಗುರುತು ಓದಲು ಸಿಗುತ್ತದೆ, ಸ್ಪರ್ಶ ಮಾತ್ರ ಬರುವುದಿಲ್ಲ.

ಹಳೆಯ ಸೀರಿಯಲ್ ಪೋರ್ಟ್ ಸ್ಕ್ರೀನ್‌ಗೆ ತಾನಾಗಿ ಹೆಸರು ಹೇಳಿಕೊಳ್ಳುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಸಾಫ್ಟ್‌ವೇರ್ ಪ್ರತಿ ಪೋರ್ಟ್‌ಗೂ ಸೆಕೆಂಡಿಗೆ 9600 ಬಿಟ್‌ಗಳಂಥ ವೇಗಗಳಲ್ಲಿ ಪ್ರಶ್ನೆ ಕಳಿಸಿ ಉತ್ತರಕ್ಕೆ ಕಾಯುತ್ತದೆ. ಬೇರೆ ಡ್ರೈವರ್ ಆ ಪೋರ್ಟ್ ಹಿಡಿದುಕೊಂಡಿದ್ದರೆ ಉತ್ತರ ಬರುವುದಿಲ್ಲ.

ಪತ್ತೆಯಾದ ಮೇಲೆ ಸ್ಪರ್ಶದ ಗೆರೆ ತೋರಿಸುವ ಪರದೆ ತೆರೆದು, ಬೆರಳನ್ನು ಅಂಚಿನಿಂದ ಅಂಚಿಗೆ ನಿಧಾನವಾಗಿ ಎಳೆಯಿರಿ. ಕೆಪ್ಯಾಸಿಟಿವ್ ಗಾಜಿನಲ್ಲಿ ಒಂದೇ ನೇರ ಪಟ್ಟಿಯಲ್ಲಿ ಪ್ರತಿ ಸಲವೂ ಗೆರೆ ಕಡಿದರೆ ಆ ಸಾಲಿನ ಸೆನ್ಸರ್ ತಂತಿ ಅಥವಾ ಫ್ಲೆಕ್ಸ್ ಕೇಬಲ್‌ನ (ಬಾಗುವ ತೆಳು ಪಟ್ಟಿ ಕೇಬಲ್) ಸಂಪರ್ಕ ಹೋಗಿರುವ ಸಾಧ್ಯತೆಯೇ ಹೆಚ್ಚು. ಮೊದಲು ಫ್ಲೆಕ್ಸ್ ಬಿಚ್ಚಿ, ಒರೆಸಿ, ಮತ್ತೆ ಕೂರಿಸಿ ನೋಡಿ.